ವಿದೇಶಿ ವೀಸಾ ಕಚೇರಿಗಳ ಕಾನೂನಾತ್ಮಕ ವಿಶೇಷಾಧಿಕಾರಗಳು: 2023ರ ಭಾರತ–ಕೆನಡಾ ಮಾತುಕತೆ ಹಾಗೂ ಅರ್ಜಿದಾರರು ತಿಳಿಯಬೇಕಾದ ಅಂಶಗಳು

1. ಪೀಠಿಕೆ

ವಿದ್ಯಾಭ್ಯಾಸ, ಉದ್ಯೋಗ, ವ್ಯಾಪಾರ ಅಥವಾ ಬಂಧುಗಳ ಭೇಟಿಗಾಗಿ ವಿದೇಶಕ್ಕೆ ತೆರಳುವ ನಾಗರಿಕರು ಸಂಬಂಧಪಟ್ಟ ದೇಶದ ವೀಸಾ ಪಡೆಯುವುದು ಅಗತ್ಯವಾಗಿರುತ್ತದೆ. ವೀಸಾ ನೀಡುವ ಕಚೇರಿ ನಮ್ಮ ನಗರದಲ್ಲಿಯೇ ಇದ್ದರೂ ಅದು ನಮ್ಮ ಸರ್ಕಾರದ ಕಚೇರಿಯಲ್ಲ. ಅಲ್ಲಿನ ಅಧಿಕಾರಿಗಳು ನಮ್ಮ ನ್ಯಾಯಾಲಯಗಳಿಗಾಗಲೀ, ಪೊಲೀಸ್ ಇಲಾಖೆಗಾಗಲೀ, ಮಾಹಿತಿ ಹಕ್ಕು ಅಧಿನಿಯಮಕ್ಕಾಗಲೀ ಸಾಮಾನ್ಯ ರೀತಿಯಲ್ಲಿ ಒಳಪಡುವುದಿಲ್ಲ. ಅವರಿಗೆ ಅಂತರರಾಷ್ಟ್ರೀಯ ಒಡಂಬಡಿಕೆಗಳ ಪ್ರಕಾರ ಕೆಲವು ವಿಶೇಷಾಧಿಕಾರಗಳೂ ವಿನಾಯಿತಿಗಳೂ ಇರುತ್ತವೆ.

ಈ ವಿನಾಯಿತಿಗಳು ರಾಜತಾಂತ್ರಿಕರಿಗೆ ಮಾತ್ರ ಸಂಬಂಧಿಸಿದ ವಿಷಯವೆಂಬ ಭಾವನೆ ಸಾರ್ವಜನಿಕರಲ್ಲಿ ಸಾಮಾನ್ಯವಾಗಿದೆ. ಆದರೆ 2023ರ ಅಕ್ಟೋಬರ್ ತಿಂಗಳಿನಲ್ಲಿ ಭಾರತ ಮತ್ತು ಕೆನಡಾ ದೇಶಗಳ ನಡುವೆ ಇದೇ ವಿನಾಯಿತಿಗಳ ಕುರಿತು ನಡೆದ ಮಾತುಕತೆಯು ಒಮ್ಮತಕ್ಕೆ ಬಾರದೆ ಹೋದಾಗ, ಬೆಂಗಳೂರು, ಚಂಡೀಗಢ ಮತ್ತು ಮುಂಬಯಿಯಲ್ಲಿನ ಕೆನಡಾ ಕಾನ್ಸುಲೇಟ್‌ಗಳ ನೇರ ಸೇವೆ ಸ್ಥಗಿತಗೊಂಡಿತು. ಈ ವಿವಾದದಲ್ಲಿ ಯಾವ ಪಾತ್ರವೂ ಇಲ್ಲದಿದ್ದ ಅರ್ಜಿದಾರರು ಅದರ ಪರಿಣಾಮವನ್ನು ಅನುಭವಿಸಬೇಕಾಯಿತು.

ವೀಸಾ ಸೇವೆಯ ಯಾವ ಭಾಗ ರಾಜತಾಂತ್ರಿಕ ಒಪ್ಪಂದವನ್ನು ಅವಲಂಬಿಸಿದೆ, ಯಾವ ಭಾಗ ನಮ್ಮ ದೇಶದ ಸಾಮಾನ್ಯ ಕಾನೂನಿಗೆ ಒಳಪಟ್ಟಿದೆ ಎಂಬುದನ್ನು ಅರ್ಜಿದಾರರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ. ಈ ವ್ಯತ್ಯಾಸವನ್ನು ಅರಿತವರು ತಮ್ಮ ದೂರನ್ನು ಸರಿಯಾದ ಸ್ಥಳಕ್ಕೆ ಸಲ್ಲಿಸಬಹುದು. ಅರಿಯದವರು ಉತ್ತರ ದೊರೆಯದ ಬಾಗಿಲಲ್ಲಿ ಅಮೂಲ್ಯ ಸಮಯವನ್ನು ಕಳೆದುಕೊಳ್ಳುವ ಸಂಭವವಿರುತ್ತದೆ.

2. ಕಾನೂನಿನ ಆಧಾರ

ವಿದೇಶಿ ಕಚೇರಿಗಳ ಸ್ಥಾನಮಾನವನ್ನು ಮುಖ್ಯವಾಗಿ ಎರಡು ಒಡಂಬಡಿಕೆಗಳು ನಿರ್ಧರಿಸುತ್ತವೆ.

(ಅ) ರಾಜತಾಂತ್ರಿಕ ಸಂಬಂಧಗಳ ಕುರಿತ ವಿಯೆನ್ನಾ ಒಡಂಬಡಿಕೆ, 1961. ಇದು ರಾಯಭಾರ ಕಚೇರಿಗಳು ಹಾಗೂ ಹೈಕಮಿಷನ್‌ಗಳಿಗೆ ಅನ್ವಯಿಸುತ್ತದೆ. ಭಾರತದಲ್ಲಿ ಇದಕ್ಕೆ ಕಾನೂನಿನ ಬಲ ನೀಡುವ ಸಲುವಾಗಿ ಸಂಸತ್ತು 1972ರಲ್ಲಿ ರಾಜತಾಂತ್ರಿಕ ಸಂಬಂಧಗಳ (ವಿಯೆನ್ನಾ ಒಡಂಬಡಿಕೆ) ಅಧಿನಿಯಮವನ್ನು ಅಂಗೀಕರಿಸಿತು.

(ಆ) ಕಾನ್ಸುಲರ್ ಸಂಬಂಧಗಳ ಕುರಿತ ವಿಯೆನ್ನಾ ಒಡಂಬಡಿಕೆ, 1963. ಇದು ಕಾನ್ಸುಲೇಟ್‌ಗಳಿಗೆ ಅನ್ವಯಿಸುತ್ತದೆ. ಭಾರತವು 1977ರಲ್ಲಿ ಇದಕ್ಕೆ ಸೇರ್ಪಡೆಯಾಯಿತು. ಪಾಸ್‌ಪೋರ್ಟ್ ಹಾಗೂ ವೀಸಾ ನೀಡುವುದು ಕಾನ್ಸುಲೇಟ್‌ನ ಕರ್ತವ್ಯವೆಂದು ಇದರ 5ನೇ ಅನುಚ್ಛೇದವು ಸ್ಪಷ್ಟವಾಗಿ ಹೇಳುತ್ತದೆ.

ಎರಡೂ ಒಡಂಬಡಿಕೆಗಳ ಮೂಲ ತತ್ವವೆಂದರೆ ಪರಸ್ಪರ ಸಮ್ಮತಿ. ಅತಿಥೇಯ ದೇಶದ ಒಪ್ಪಿಗೆಯಿಲ್ಲದೆ ಯಾವ ದೇಶವೂ ಮತ್ತೊಂದು ದೇಶದಲ್ಲಿ ಕಾನ್ಸುಲೇಟ್ ತೆರೆಯುವಂತಿಲ್ಲ. ಕಚೇರಿಯ ಸ್ಥಳ, ಅದರ ದರ್ಜೆ ಮತ್ತು ಕಾರ್ಯವ್ಯಾಪ್ತಿಯ ಪ್ರದೇಶ ಇವೆಲ್ಲವೂ ಎರಡು ಸರ್ಕಾರಗಳ ಒಪ್ಪಂದದಿಂದಲೇ ನಿರ್ಧಾರವಾಗತಕ್ಕದ್ದು. ಕೊಟ್ಟ ಸಮ್ಮತಿಯ ಮೇಲೆ ನಿಂತಿರುವ ಕಚೇರಿಯಾದ್ದರಿಂದ, ಆ ಸಮ್ಮತಿಗೆ ಧಕ್ಕೆ ಬಂದಾಗ ಕಚೇರಿಯ ದೈನಂದಿನ ಕೆಲಸಕ್ಕೂ ಧಕ್ಕೆ ಬರುತ್ತದೆ.

3. ವಿನಾಯಿತಿ ಏಕೆ, ಎಲ್ಲಿಯವರೆಗೆ?

ವೀಸಾ ಅಧಿಕಾರಿಯು ಪ್ರತಿದಿನ ಅನೇಕ ಅರ್ಜಿಗಳನ್ನು ಪುರಸ್ಕರಿಸುತ್ತಾರೆ ಅಥವಾ ತಿರಸ್ಕರಿಸುತ್ತಾರೆ. ತಿರಸ್ಕೃತರಾದ ಪ್ರತಿಯೊಬ್ಬರೂ ಸ್ಥಳೀಯ ನ್ಯಾಯಾಲಯದಲ್ಲಿ ಆ ಅಧಿಕಾರಿಯ ಮೇಲೆ ದಾವೆ ಹೂಡಬಹುದಾಗಿದ್ದರೆ, ಅಥವಾ ಸ್ಥಳೀಯ ಆಡಳಿತವು ಆತನ ಕಡತಗಳನ್ನು ತರಿಸಿಕೊಳ್ಳಬಹುದಾಗಿದ್ದರೆ, ತನ್ನ ದೇಶಕ್ಕೆ ಯಾರು ಬರಬಹುದೆಂದು ನಿರ್ಧರಿಸುವ ಅಧಿಕಾರವು ಆ ದೇಶದ ಕೈಯಲ್ಲಿ ಉಳಿಯುವುದಿಲ್ಲ. ಆದುದರಿಂದ ವಿನಾಯಿತಿಯ ಉದ್ದೇಶ ವ್ಯಕ್ತಿಗೆ ಅನುಕೂಲ ಮಾಡಿಕೊಡುವುದಲ್ಲ, ಕಚೇರಿಯ ಕರ್ತವ್ಯ ನಿರ್ವಹಣೆಗೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು ಎಂದು ಒಡಂಬಡಿಕೆಗಳ ಪೀಠಿಕೆಯಲ್ಲಿಯೇ ಹೇಳಲಾಗಿದೆ.

ಕಾನ್ಸುಲೇಟ್‌ಗೆ ಸಂಬಂಧಿಸಿದ ಪ್ರಮುಖ ವಿನಾಯಿತಿಗಳು ಹಾಗೂ ಅವುಗಳ ಮಿತಿಗಳು ಈ ಕೆಳಕಂಡಂತಿವೆ:

• ಆವರಣ: ಕಚೇರಿಯ ಕೆಲಸಕ್ಕೆಂದೇ ಬಳಸುವ ಭಾಗವನ್ನು ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಸ್ಥಳೀಯ ಅಧಿಕಾರಿಗಳು ಪ್ರವೇಶಿಸುವಂತಿಲ್ಲ. ಬೆಂಕಿ ಮುಂತಾದ ತುರ್ತು ಅಪಾಯದ ಸಂದರ್ಭದಲ್ಲಿ ಒಪ್ಪಿಗೆ ಇದೆಯೆಂದು ಭಾವಿಸಬಹುದು (ಅನುಚ್ಛೇದ 31).

• ಕಡತಗಳು: ಕಾನ್ಸುಲೇಟ್‌ನ ದಾಖಲೆಗಳು ಎಲ್ಲಿಯೇ ಇದ್ದರೂ, ಯಾವುದೇ ಸಮಯದಲ್ಲಿಯೂ ಉಲ್ಲಂಘನೆಗೆ ಅತೀತ (ಅನುಚ್ಛೇದ 33). ಅರ್ಜಿದಾರರು ಸಲ್ಲಿಸಿದ ಬ್ಯಾಂಕ್ ವಿವರ, ವೈದ್ಯಕೀಯ ವರದಿ ಮೊದಲಾದವುಗಳಿಗೂ ಇದರಿಂದ ರಕ್ಷಣೆ ದೊರೆಯುತ್ತದೆ.

• ಶುಲ್ಕ: ಕಾನ್ಸುಲೇಟ್ ವಿಧಿಸುವ ಶುಲ್ಕದ ಮೇಲೆ ಅತಿಥೇಯ ದೇಶವು ತೆರಿಗೆ ಹಾಕುವಂತಿಲ್ಲ (ಅನುಚ್ಛೇದ 39).

• ನ್ಯಾಯಾಲಯದ ಅಧಿಕಾರವ್ಯಾಪ್ತಿ: ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕಾಗಿ ಕಾನ್ಸುಲರ್ ಅಧಿಕಾರಿಯನ್ನು ಸ್ಥಳೀಯ ನ್ಯಾಯಾಲಯ ವಿಚಾರಣೆಗೆ ಒಳಪಡಿಸುವಂತಿಲ್ಲ. ಆದರೆ ಅಧಿಕಾರಿಯು ಸ್ವಂತ ಹೆಸರಿನಲ್ಲಿ ಮಾಡಿಕೊಂಡ ಕರಾರು ಮತ್ತು ವಾಹನ ಅಪಘಾತದಿಂದ ಮೂರನೆಯವರಿಗೆ ಆದ ನಷ್ಟ ಇವುಗಳಿಗೆ ಸಂಬಂಧಿಸಿದ ಸಿವಿಲ್ ದಾವೆಗಳಿಗೆ ಈ ರಕ್ಷಣೆ ಇಲ್ಲ (ಅನುಚ್ಛೇದ 43).

• ಬಂಧನ: ಕಾನ್ಸುಲರ್ ಅಧಿಕಾರಿಯನ್ನು ವಿಚಾರಣೆಗೆ ಮುನ್ನ ಬಂಧಿಸುವಂತಿಲ್ಲ, ಗಂಭೀರ ಅಪರಾಧದ ಪ್ರಕರಣದಲ್ಲಿ, ಸಕ್ಷಮ ನ್ಯಾಯಾಂಗ ಪ್ರಾಧಿಕಾರದ ತೀರ್ಮಾನದ ಮೇರೆಗೆ ಬಂಧಿಸಬಹುದು (ಅನುಚ್ಛೇದ 41). ರಾಯಭಾರ ಕಚೇರಿಯ ರಾಜತಾಂತ್ರಿಕ ಅಧಿಕಾರಿಗೆ ಇರುವ ರಕ್ಷಣೆ ಇದಕ್ಕಿಂತ ಹೆಚ್ಚಿನದು. ಅವರನ್ನು ಯಾವುದೇ ರೀತಿಯಲ್ಲಿಯೂ ಬಂಧಿಸುವಂತಿಲ್ಲ.

• ಸ್ಥಳೀಯ ನೌಕರರು: ಕಚೇರಿಯಲ್ಲಿ ದುಡಿಯುವ ಭಾರತೀಯ ನೌಕರರಿಗೆ ಈ ಪೂರ್ಣ ರಕ್ಷಣೆ ದೊರೆಯುವುದಿಲ್ಲ.

ವಿನಾಯಿತಿಯು ಅಧಿಕಾರಿಯ ಸ್ವಂತ ಆಸ್ತಿಯಲ್ಲ, ಆತನನ್ನು ಕಳುಹಿಸಿದ ದೇಶಕ್ಕೆ ಸೇರಿದ್ದು. ಅದನ್ನು ಬಿಟ್ಟುಕೊಡುವ ಅಧಿಕಾರವೂ ಆ ದೇಶಕ್ಕೆ ಮಾತ್ರ ಇರುತ್ತದೆ. ವಿನಾಯಿತಿ ಉಳ್ಳವರು ಅತಿಥೇಯ ದೇಶದ ಕಾನೂನನ್ನು ಗೌರವಿಸತಕ್ಕದ್ದು ಮತ್ತು ಅದರ ಆಂತರಿಕ ವಿಷಯಗಳಲ್ಲಿ ಕೈಹಾಕತಕ್ಕದ್ದಲ್ಲ ಎಂಬ ಷರತ್ತೂ ಒಡಂಬಡಿಕೆಯಲ್ಲಿಯೇ ಇದೆ (ಅನುಚ್ಛೇದ 55).

4. 2023ರ ಮಾತುಕತೆ: ಘಟನಾಕ್ರಮ

2023ರ ಜೂನ್ 18ರಂದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ರೆಯಲ್ಲಿ ಹರ್ದೀಪ್ ಸಿಂಗ್ ನಿಜ್ಜರ್ ಎಂಬುವವರ ಹತ್ಯೆಯಾಯಿತು. ಸೆಪ್ಟೆಂಬರ್ 18ರಂದು ಅಂದಿನ ಪ್ರಧಾನಿ ಜಸ್ಟಿನ್ ಟ್ರುಡೊ ಅವರು ಈ ಹತ್ಯೆಯಲ್ಲಿ ಭಾರತದ ಏಜೆಂಟರ ಪಾತ್ರವಿರಬಹುದೆಂಬ ಆರೋಪಗಳ ಬಗ್ಗೆ ತಮ್ಮ ಸಂಸತ್ತಿನಲ್ಲಿ ಹೇಳಿಕೆ ನೀಡಿದರು. ಭಾರತ ಸರ್ಕಾರವು ಆರೋಪವನ್ನು ಸಂಪೂರ್ಣವಾಗಿ ತಳ್ಳಿಹಾಕಿತು. ಎರಡೂ ದೇಶಗಳು ತಲಾ ಒಬ್ಬ ರಾಜತಾಂತ್ರಿಕರನ್ನು ಹೊರಹಾಕಿದವು.

ಸೆಪ್ಟೆಂಬರ್ 21ರಂದು ಭಾರತವು, ಕೆನಡಾದಲ್ಲಿನ ತನ್ನ ಸಿಬ್ಬಂದಿಗೆ ಭದ್ರತೆಯ ಬೆದರಿಕೆ ಇರುವ ಕಾರಣ, ಕೆನಡಾ ಪ್ರಜೆಗಳಿಗೆ ವೀಸಾ ನೀಡುವುದನ್ನು ಸ್ಥಗಿತಗೊಳಿಸಿತು. ಅದೇ ದಿನ, ಭಾರತದಲ್ಲಿನ ಕೆನಡಾ ರಾಜತಾಂತ್ರಿಕರ ಸಂಖ್ಯೆಯು ಕೆನಡಾದಲ್ಲಿನ ಭಾರತೀಯ ರಾಜತಾಂತ್ರಿಕರ ಸಂಖ್ಯೆಗಿಂತ ಬಹಳ ಹೆಚ್ಚಾಗಿದ್ದು, ಉಭಯತರ ಸಂಖ್ಯೆ ಹಾಗೂ ದರ್ಜೆಯಲ್ಲಿ ಸಮಾನತೆ ಇರಬೇಕೆಂದು ವಿದೇಶಾಂಗ ಸಚಿವಾಲಯ ತಿಳಿಸಿತು.

ಮುಂದಿನ ಸುಮಾರು ಒಂದು ತಿಂಗಳ ಕಾಲ ಈ ಸಮಾನತೆಯನ್ನು ಜಾರಿಗೆ ತರುವ ವಿಧಾನದ ಬಗ್ಗೆ ಎರಡು ಸರ್ಕಾರಗಳ ನಡುವೆ ಮಾತುಕತೆ ನಡೆಯಿತು. ಅಕ್ಟೋಬರ್ ತಿಂಗಳ ಆರಂಭದಲ್ಲಿ ಕೆನಡಾದ ಅಂದಿನ ವಿದೇಶಾಂಗ ಸಚಿವೆ ಮೆಲಾನಿ ಜೋಲಿ ಅವರು ಇಂತಹ ಮಾತುಕತೆಗಳು ಖಾಸಗಿಯಾಗಿ ನಡೆಯುವುದೇ ಒಳಿತೆಂಬ ಅಭಿಪ್ರಾಯ ವ್ಯಕ್ತಪಡಿಸಿದ್ದರು.

ಅಂತಿಮವಾಗಿ, 21 ರಾಜತಾಂತ್ರಿಕರನ್ನು ಹೊರತುಪಡಿಸಿ ಉಳಿದವರ ವಿನಾಯಿತಿಯನ್ನು ಅಕ್ಟೋಬರ್ 20ರಿಂದ ಹಿಂಪಡೆಯಲಾಗುವುದೆಂದು ಭಾರತವು ತನಗೆ ವಿಧ್ಯುಕ್ತವಾಗಿ ತಿಳಿಸಿದೆ ಎಂದು ಕೆನಡಾ ಪ್ರಕಟಿಸಿತು. ಆ ದಿನಾಂಕಕ್ಕೆ ಮುನ್ನವೇ ಕೆನಡಾವು ತನ್ನ 41 ರಾಜತಾಂತ್ರಿಕರನ್ನೂ ಅವರ ಕುಟುಂಬದ 42 ಸದಸ್ಯರನ್ನೂ ಭಾರತದಿಂದ ಹೊರಗೆ ಕಳುಹಿಸಿ, ಅಕ್ಟೋಬರ್ 19ರಂದು ಈ ವಿಷಯವನ್ನು ಬಹಿರಂಗಪಡಿಸಿತು. ಅದರೊಂದಿಗೇ ಬೆಂಗಳೂರು, ಚಂಡೀಗಢ ಹಾಗೂ ಮುಂಬಯಿ ಕಾನ್ಸುಲೇಟ್‌ಗಳಲ್ಲಿ ಎಲ್ಲಾ ನೇರ ಸೇವೆಗಳನ್ನು ತಡೆಹಿಡಿಯಲಾಯಿತು. ನವದೆಹಲಿಯ ಹೈಕಮಿಷನ್ ಮಾತ್ರ ಕಾರ್ಯ ಮುಂದುವರಿಸಿತು.

5. ಉಭಯ ದೇಶಗಳ ವಾದ

ಭಾರತದ ವಾದವು 1961ರ ಒಡಂಬಡಿಕೆಯ 11ನೇ ಅನುಚ್ಛೇದವನ್ನು ಆಧರಿಸಿತ್ತು. ಕಚೇರಿಯ ಗಾತ್ರದ ಬಗ್ಗೆ ಪ್ರತ್ಯೇಕ ಒಪ್ಪಂದ ಇಲ್ಲದಿದ್ದಲ್ಲಿ, ಅತಿಥೇಯ ದೇಶವು ತನ್ನಲ್ಲಿನ ಪರಿಸ್ಥಿತಿ ಹಾಗೂ ಆ ಕಚೇರಿಯ ಅಗತ್ಯ ಎರಡನ್ನೂ ಗಮನಿಸಿ, ತಾನು ಯುಕ್ತ ಮತ್ತು ಸಾಮಾನ್ಯವೆಂದು ಪರಿಗಣಿಸುವ ಮಿತಿಯೊಳಗೆ ಸಿಬ್ಬಂದಿ ಸಂಖ್ಯೆ ಇರಬೇಕೆಂದು ಕೇಳಬಹುದು ಎಂಬುದು ಈ ಅನುಚ್ಛೇದದ ಸಾರ. ಕಾನ್ಸುಲೇಟ್‌ಗಳಿಗೆ ಸಂಬಂಧಿಸಿ ಇಂತಹುದೇ ಅವಕಾಶ 1963ರ ಒಡಂಬಡಿಕೆಯ 20ನೇ ಅನುಚ್ಛೇದದಲ್ಲಿದೆ. ಸಂಖ್ಯೆಯ ವ್ಯತ್ಯಾಸ ಮತ್ತು ಆಂತರಿಕ ವಿಷಯಗಳಲ್ಲಿ ಹಸ್ತಕ್ಷೇಪ ಇವೆರಡನ್ನೂ ಭಾರತವು ಕಾರಣವಾಗಿ ನೀಡಿತು. ಸಮಾನತೆ ಕೋರುವುದನ್ನು ಅಂತರರಾಷ್ಟ್ರೀಯ ನಿಯಮದ ಉಲ್ಲಂಘನೆಯೆಂದು ಬಿಂಬಿಸುವುದು ಸರಿಯಲ್ಲವೆಂದು ಅಕ್ಟೋಬರ್ 20ರಂದು ವಿದೇಶಾಂಗ ಸಚಿವಾಲಯ ಸ್ಪಷ್ಟಪಡಿಸಿತು.

ಕೆನಡಾದ ವಾದ ಬೇರೆಯಾಗಿತ್ತು. ಮಾನ್ಯತೆ ಪಡೆದು ಈಗಾಗಲೇ ಕರ್ತವ್ಯದಲ್ಲಿರುವ ರಾಜತಾಂತ್ರಿಕರ ವಿನಾಯಿತಿಯನ್ನು ಒಂದು ದೇಶವು ಏಕಪಕ್ಷೀಯವಾಗಿ ಹಿಂಪಡೆಯುವುದು ಒಡಂಬಡಿಕೆಗೆ ವಿರುದ್ಧ. ಹೀಗಾದಲ್ಲಿ ಜಗತ್ತಿನ ಯಾವ ಭಾಗದಲ್ಲಿಯೂ ರಾಜತಾಂತ್ರಿಕರು ಸುರಕ್ಷಿತರಲ್ಲ. ಆದುದರಿಂದ ತಾನು ಪ್ರತಿಯಾಗಿ ಇಂತಹ ಕ್ರಮ ಕೈಗೊಳ್ಳುವುದಿಲ್ಲ ಎಂದು ಅದು ತಿಳಿಸಿತು. ಅಮೆರಿಕ ಮತ್ತು ಬ್ರಿಟನ್ ದೇಶಗಳು ಸಹ ಈ ಬಗ್ಗೆ ತಮ್ಮ ಆತಂಕವನ್ನು ವ್ಯಕ್ತಪಡಿಸಿದವು.

ಸಂಖ್ಯೆಯನ್ನು ಮಿತಿಗೊಳಿಸುವ ಹಕ್ಕು ಹಾಗೂ ಸೇವೆಯಲ್ಲಿರುವ ಅಧಿಕಾರಿಯ ರಕ್ಷಣೆ, ಇವೆರಡನ್ನೂ ಒಂದೇ ಒಡಂಬಡಿಕೆ ಮಾನ್ಯ ಮಾಡುತ್ತದೆ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬ ಪ್ರಶ್ನೆಯನ್ನು ಉಭಯ ದೇಶಗಳು ಯಾವುದೇ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಒಯ್ಯಲಿಲ್ಲ. ಅಧಿಕಾರಿಗಳು ದೇಶ ಬಿಟ್ಟು ಹೋದುದರಿಂದ ಪ್ರಶ್ನೆ ಅಲ್ಲಿಗೇ ನಿಂತಿತು. ವಿನಾಯಿತಿ ಇಲ್ಲದೆ ಕೆಲಸ ಮಾಡುವುದಕ್ಕಿಂತ ಕಚೇರಿಯ ಬಾಗಿಲು ಮುಚ್ಚುವುದೇ ಮೇಲೆಂದು ಒಂದು ದೇಶ ನಿರ್ಧರಿಸಿದ ಸಂದರ್ಭ ಇದಾಗಿದ್ದು, ವೀಸಾ ಸೇವೆಗೆ ಈ ವಿನಾಯಿತಿ ಎಷ್ಟು ಅಗತ್ಯವೆಂಬುದನ್ನು ಇದು ತೋರಿಸುತ್ತದೆ.

6. ಅರ್ಜಿದಾರರ ಮೇಲೆ ಆದ ಪರಿಣಾಮ

ಕೆನಡಾದ ವಲಸೆ ಇಲಾಖೆಯು ಭಾರತದಲ್ಲಿ ಹೊಂದಿದ್ದ 27 ಅಧಿಕಾರಿಗಳ ಸಂಖ್ಯೆ 5ಕ್ಕೆ ಇಳಿಯಿತು. ಉಳಿದ 5 ಜನರಿಗೆ ತುರ್ತು ಅರ್ಜಿಗಳು, ವೀಸಾ ಮುದ್ರಣ, ಅಪಾಯದ ಪರಿಶೀಲನೆ ಹಾಗೂ ಅರ್ಜಿ ಕೇಂದ್ರಗಳ ಮತ್ತು ವೈದ್ಯಕೀಯ ತಪಾಸಣಾ ಕೇಂದ್ರಗಳ ಮೇಲ್ವಿಚಾರಣೆಯ ಕೆಲಸವನ್ನು ಮಾತ್ರ ವಹಿಸಲಾಯಿತು. ಡಿಸೆಂಬರ್ ಆರಂಭದ ವೇಳೆಗೆ ಸುಮಾರು 17,500 ಅರ್ಜಿಗಳ ತೀರ್ಮಾನ ಬಾಕಿ ಉಳಿಯಬಹುದೆಂದೂ 2024ರ ಆರಂಭದಲ್ಲಿ ಪರಿಸ್ಥಿತಿ ಸಹಜಕ್ಕೆ ಮರಳಬಹುದೆಂದೂ ಆ ಇಲಾಖೆ ಅಂದಾಜು ಮಾಡಿತ್ತು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಭಾರತದಿಂದ ಸಲ್ಲಿಕೆಯಾಗುತ್ತಿದ್ದ ಅರ್ಜಿಗಳ ಪೈಕಿ ಸುಮಾರು ಶೇ. 89ರಷ್ಟು ಅದಾಗಲೇ ಭಾರತದ ಹೊರಗಿನ ಕಚೇರಿಗಳಲ್ಲಿಯೇ ತೀರ್ಮಾನವಾಗುತ್ತಿದ್ದವು. ಆದುದರಿಂದ ಸೇವೆ ಪೂರ್ಣವಾಗಿ ನಿಲ್ಲದೆ ನಿಧಾನಗೊಂಡಿತು. ಎರಡನೆಯದಾಗಿ, ಖಾಸಗಿ ಸಂಸ್ಥೆಯ ಮೂಲಕ ನಡೆಯುವ 10 ವೀಸಾ ಅರ್ಜಿ ಕೇಂದ್ರಗಳು ಎಂದಿನಂತೆ ತೆರೆದಿದ್ದವು. ಅವು ಗುತ್ತಿಗೆಯ ಆಧಾರದಲ್ಲಿ ನಡೆಯುವ ಕೇಂದ್ರಗಳಾದ್ದರಿಂದ ರಾಜತಾಂತ್ರಿಕ ವಿನಾಯಿತಿಯ ಪ್ರಶ್ನೆ ಅವುಗಳಿಗೆ ಅನ್ವಯಿಸುತ್ತಿರಲಿಲ್ಲ.

ವಿದ್ಯಾರ್ಥಿಗಳ ವಿಷಯದಲ್ಲಿ ಇಳಿಕೆ ಹೆಚ್ಚಾಗಿ ಕಂಡುಬಂದಿತು. 2023ರ ಮೂರನೆಯ ತ್ರೈಮಾಸಿಕದಲ್ಲಿ ಭಾರತೀಯರಿಗೆ ನೀಡಲಾದ ಅಧ್ಯಯನ ಪರವಾನಗಿಗಳು 1,08,940 ಆಗಿದ್ದು, ನಾಲ್ಕನೆಯ ತ್ರೈಮಾಸಿಕದಲ್ಲಿ ಅದು 14,910ಕ್ಕೆ ಕುಸಿಯಿತು. ವರ್ಷದ ಕೊನೆಯ ತ್ರೈಮಾಸಿಕದಲ್ಲಿ ಸಂಖ್ಯೆ ಕಡಿಮೆಯಾಗುವುದು ವಾಡಿಕೆಯಾದರೂ, ರಾಜತಾಂತ್ರಿಕರ ನಿರ್ಗಮನ ಹಾಗೂ ಅರ್ಜಿಗಳ ಇಳಿಕೆಯೂ ಇದಕ್ಕೆ ಕಾರಣವೆಂದು ಕೆನಡಾದ ಅಂದಿನ ವಲಸೆ ಸಚಿವ ಮಾರ್ಕ್ ಮಿಲ್ಲರ್ ಅವರು 2024ರ ಜನವರಿಯಲ್ಲಿ ತಿಳಿಸಿದರು.

ತದನಂತರ ವಿದ್ಯಾರ್ಥಿಗಳು ಎದುರಿಸಿದ ಎಲ್ಲಾ ತೊಂದರೆಗಳಿಗೂ ಈ ವಿವಾದವೇ ಕಾರಣವೆಂದು ಭಾವಿಸುವುದು ಸರಿಯಲ್ಲ. 2024ರ ಜನವರಿಯಲ್ಲಿ ಕೆನಡಾವು ಎಲ್ಲಾ ದೇಶಗಳಿಗೂ ಅನ್ವಯಿಸುವಂತೆ ಅಧ್ಯಯನ ಪರವಾನಗಿಗಳಿಗೆ ಮಿತಿಯನ್ನು ಪ್ರಕಟಿಸಿತು. ಭಾರತವೂ ಸೇರಿದಂತೆ ಕೆಲವು ದೇಶಗಳ ವಿದ್ಯಾರ್ಥಿಗಳಿಗೆ ಇದ್ದ ಶೀಘ್ರ ವಿಲೇವಾರಿ ಯೋಜನೆಯನ್ನು 2024ರ ನವೆಂಬರ್ 8ರಂದು ಕೊನೆಗೊಳಿಸಿತು. ಇವು ವಲಸೆ ನೀತಿಗೆ ಸಂಬಂಧಿಸಿದ ತೀರ್ಮಾನಗಳು.

ಭಾರತದ ಕಡೆಯಿಂದ 2023ರ ಅಕ್ಟೋಬರ್ 26ರಂದು ಪ್ರವೇಶ, ವ್ಯವಹಾರ, ವೈದ್ಯಕೀಯ ಮತ್ತು ಸಮ್ಮೇಳನ ಎಂಬ ನಾಲ್ಕು ವರ್ಗದ ವೀಸಾಗಳನ್ನು ಪುನರಾರಂಭಿಸಲಾಯಿತು. ನವೆಂಬರ್ 22ರಿಂದ ಇ-ವೀಸಾ ಸೇವೆಯೂ ಮರಳಿ ದೊರೆಯಿತು. ಕೆನಡಾದ ಪೌರತ್ವ ಪಡೆದಿರುವ ಕನ್ನಡಿಗ ಕುಟುಂಬಗಳು ತಾಯ್ನಾಡಿಗೆ ಬರಲು ಇದೇ ವೀಸಾಗಳನ್ನು ಅವಲಂಬಿಸಿರುವುದನ್ನು ಇಲ್ಲಿ ಸ್ಮರಿಸಬಹುದು. ಮಾನ್ಯ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್ ಹೊಂದಿದ್ದವರಿಗೆ ಮಾತ್ರ ಪ್ರತ್ಯೇಕ ವೀಸಾದ ಅಗತ್ಯವಿರಲಿಲ್ಲ.

7. ನಂತರದ ಬೆಳವಣಿಗೆಗಳು

2024ರ ಅಕ್ಟೋಬರ್‌ನಲ್ಲಿ ವಿನಾಯಿತಿಯ ಪ್ರಶ್ನೆ ಮತ್ತೊಂದು ರೂಪದಲ್ಲಿ ಎದುರಾಯಿತು. ತನಿಖೆಯ ಸಲುವಾಗಿ ಕೆಲವು ಭಾರತೀಯ ಅಧಿಕಾರಿಗಳ ರಾಜತಾಂತ್ರಿಕ ಹಾಗೂ ಕಾನ್ಸುಲರ್ ವಿನಾಯಿತಿಯನ್ನು ಬಿಟ್ಟುಕೊಡುವಂತೆ ಕೆನಡಾ ಕೇಳಿತು. ಭಾರತವು ಆರೋಪವನ್ನು ನಿರಾಕರಿಸಿ, ಇದಕ್ಕೆ ಒಪ್ಪಲಿಲ್ಲ. ಅಕ್ಟೋಬರ್ 14ರಂದು ಕೆನಡಾವು 6 ಭಾರತೀಯ ಅಧಿಕಾರಿಗಳನ್ನು ಹೊರಹಾಕಿರುವುದಾಗಿ ಪ್ರಕಟಿಸಿದರೆ, ಭಾರತವು ತನ್ನ ಹೈಕಮಿಷನರ್ ಹಾಗೂ ಇತರರನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ತಿಳಿಸಿ, 6 ಕೆನಡಾ ರಾಜತಾಂತ್ರಿಕರನ್ನು ಹೊರಹಾಕಿತು. ವಿನಾಯಿತಿಯನ್ನು ಬಿಟ್ಟುಕೊಡುವ ಅಧಿಕಾರ ಕಳುಹಿಸಿದ ದೇಶಕ್ಕೆ ಮಾತ್ರ ಸೇರಿದ್ದೆಂಬ ನಿಯಮಕ್ಕೆ ಇದು ನಿದರ್ಶನ.

ವಿದೇಶಿ ಕಚೇರಿಗೆ ಭದ್ರತೆ ಒದಗಿಸುವುದು ಅತಿಥೇಯ ದೇಶದ ಕರ್ತವ್ಯ. ಇದು ಸಹ ವಿಶೇಷಾಧಿಕಾರದ ಒಂದು ಮುಖ. 2024ರ ನವೆಂಬರ್ 3ರಂದು ಬ್ರಾಂಪ್ಟನ್ ನಗರದ ದೇವಾಲಯವೊಂದರಲ್ಲಿ ಏರ್ಪಾಡಾಗಿದ್ದ ಭಾರತೀಯ ಕಾನ್ಸುಲರ್ ಶಿಬಿರಕ್ಕೆ ಅಡ್ಡಿಯಾಯಿತು. ಕನಿಷ್ಠ ಭದ್ರತೆಯ ಭರವಸೆ ದೊರೆಯದ ಕಾರಣ ಟೊರಾಂಟೊದ ಭಾರತೀಯ ಕಾನ್ಸುಲೇಟ್ ಕೆಲವು ಶಿಬಿರಗಳನ್ನು ರದ್ದುಪಡಿಸಿತು. ಇಂತಹ ಶಿಬಿರಗಳಲ್ಲಿ ಮುಖ್ಯವಾಗಿ ಪಿಂಚಣಿದಾರರಿಗೆ ಜೀವಿತ ಪ್ರಮಾಣ ಪತ್ರ ನೀಡಲಾಗುತ್ತಿತ್ತು. ಇಲ್ಲಿಯೂ ತೊಂದರೆಗೆ ಒಳಗಾದವರು ಸಾಮಾನ್ಯ ಅರ್ಜಿದಾರರೇ, ಅದರಲ್ಲಿಯೂ ವಯೋವೃದ್ಧರು.

2025ರ ಜೂನ್ 17ರಂದು ಕೆನಡಾದ ಕನನಾಸ್ಕಿಸ್‌ನಲ್ಲಿ ಪ್ರಧಾನಿಗಳಾದ ನರೇಂದ್ರ ಮೋದಿ ಮತ್ತು ಮಾರ್ಕ್ ಕಾರ್ನಿ ಅವರು ಭೇಟಿಯಾಗಿ, ಹೈಕಮಿಷನರ್‌ಗಳನ್ನು ಮರಳಿ ನೇಮಿಸಲು ಒಪ್ಪಿದರು. ಆಗಸ್ಟ್ 28ರಂದು ಎರಡೂ ದೇಶಗಳು ನೇಮಕಾತಿಗಳನ್ನು ಪ್ರಕಟಿಸಿದವು. 2025ರ ಅಕ್ಟೋಬರ್ 13ರಂದು ಉಭಯ ದೇಶಗಳ ವಿದೇಶಾಂಗ ಸಚಿವರು ನವದೆಹಲಿಯಲ್ಲಿ ಸಭೆ ಸೇರಿ ಸಂಬಂಧಗಳ ಪುನಃಸ್ಥಾಪನೆಗೆ ಮಾರ್ಗಸೂಚಿಯನ್ನು ಹೊರತಂದರು. ಬೆಂಗಳೂರಿನ ಕಾನ್ಸುಲೇಟ್‌ನಲ್ಲಿ ದೊರೆಯುವ ಸೇವೆಗಳ ವಿವರವನ್ನು ಅರ್ಜಿದಾರರು ಭೇಟಿಗೆ ಮುನ್ನ ಕೆನಡಾ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು.

8. ಸಮ್ಮತಿಯಿಂದ ಆರಂಭವಾದ ಕಚೇರಿ: ಬೆಂಗಳೂರಿನ ಉದಾಹರಣೆ

ಮಾತುಕತೆಯಿಂದ ಕಚೇರಿಗಳು ಮುಚ್ಚುವಂತೆ, ಮಾತುಕತೆಯಿಂದಲೇ ಕಚೇರಿಗಳು ತೆರೆಯುತ್ತವೆ. ಕರ್ನಾಟಕದ ನಾಗರಿಕರು ಅಮೆರಿಕದ ವೀಸಾ ಸಂದರ್ಶನಕ್ಕಾಗಿ ದೀರ್ಘ ಕಾಲದಿಂದ ಚೆನ್ನೈ ಮುಂತಾದ ನಗರಗಳಿಗೆ ತೆರಳಬೇಕಾಗಿತ್ತು. 2023ರ ಜೂನ್‌ನಲ್ಲಿ ಭಾರತದ ಪ್ರಧಾನಿಯವರು ಅಮೆರಿಕಕ್ಕೆ ಭೇಟಿ ನೀಡಿದಾಗ, ಬೆಂಗಳೂರು ಮತ್ತು ಅಹಮದಾಬಾದ್‌ನಲ್ಲಿ ಅಮೆರಿಕದ ಕಾನ್ಸುಲೇಟ್‌ಗಳನ್ನೂ ಸಿಯಾಟಲ್‌ನಲ್ಲಿ ಭಾರತದ ಕಾನ್ಸುಲೇಟ್ ಅನ್ನೂ ತೆರೆಯುವ ಆಶಯವನ್ನು ಜಂಟಿ ಹೇಳಿಕೆಯಲ್ಲಿ ಪ್ರಕಟಿಸಲಾಯಿತು. ಅದರಂತೆ 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕ ಕಾನ್ಸುಲೇಟ್ ಉದ್ಘಾಟನೆಯಾಯಿತು.

ಆದರೆ ಉದ್ಘಾಟನೆಯ ಸಂದರ್ಭದಲ್ಲಿ ಅಲ್ಲಿ ವೀಸಾ ಸೇವೆ ಆರಂಭವಾಗಿರಲಿಲ್ಲ. ಕಚೇರಿಗೆ ಕಾನೂನಾತ್ಮಕ ಸ್ಥಾನ ದೊರೆಯುವುದು ಒಂದು ಹಂತ. ಕಟ್ಟಡ, ಭದ್ರತೆ, ಮಾನ್ಯತೆ ಪಡೆದ ಅಧಿಕಾರಿಗಳು ಇವೆಲ್ಲವೂ ಸಿದ್ಧವಾಗಿ ಸೇವೆ ಆರಂಭವಾಗುವುದು ಮತ್ತೊಂದು ಹಂತ. ಆದುದರಿಂದ ಕಾನ್ಸುಲೇಟ್ ತೆರೆದ ಸುದ್ದಿಯನ್ನು ಓದಿದ ಮಾತ್ರಕ್ಕೆ ಸಂದರ್ಶನದ ಸ್ಥಳ ಬದಲಾಗಿದೆಯೆಂದು ಭಾವಿಸಬಾರದು.

9. ಯಾವ ವಿಷಯಕ್ಕೆ ಯಾವ ಪರಿಹಾರ?

ವೀಸಾ ಸೇವೆಯಲ್ಲಿ ನಾಲ್ಕು ಸ್ತರಗಳಿವೆ. ಪ್ರತಿ ಸ್ತರದ ಕಾನೂನು ಬೇರೆಯಾಗಿರುತ್ತದೆ.

(1) ವೀಸಾ ತೀರ್ಮಾನ: ವೀಸಾ ನೀಡುವುದು ಅಥವಾ ನಿರಾಕರಿಸುವುದು ಆ ದೇಶದ ಸಾರ್ವಭೌಮ ಅಧಿಕಾರಕ್ಕೆ ಸೇರಿದ್ದು. ಇದರ ವಿರುದ್ಧ ಭಾರತದ ನ್ಯಾಯಾಲಯದಲ್ಲಿ ಪರಿಹಾರ ದೊರೆಯುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 86ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರದ ಲಿಖಿತ ಸಮ್ಮತಿ ಇಲ್ಲದೆ ವಿದೇಶಿ ರಾಷ್ಟ್ರದ ಮೇಲೆ ದಾವೆ ಹೂಡುವಂತಿಲ್ಲ. ಪರಿಹಾರವಿದ್ದಲ್ಲಿ ಅದು ಆ ದೇಶದ ಕಾನೂನಿನಲ್ಲಿಯೇ ಇರುತ್ತದೆ. ಉದಾಹರಣೆಗೆ, ಕೆನಡಾದ ಹೊರಗೆ ಕೈಗೊಂಡ ವಲಸೆ ತೀರ್ಮಾನದ ಪರಿಶೀಲನೆಗಾಗಿ, ತೀರ್ಮಾನ ತಿಳಿದ 60 ದಿನಗಳೊಳಗೆ ಅಲ್ಲಿನ ಫೆಡರಲ್ ನ್ಯಾಯಾಲಯದ ಅನುಮತಿ ಕೋರಿ ಅರ್ಜಿ ಸಲ್ಲಿಸಬೇಕಾಗುತ್ತದೆ.

(2) ಕಾನ್ಸುಲೇಟ್‌ನ ಕಡತ: ಮಾಹಿತಿ ಹಕ್ಕು ಅಧಿನಿಯಮ, 2005 ಭಾರತದ ಸಾರ್ವಜನಿಕ ಪ್ರಾಧಿಕಾರಗಳಿಗೆ ಮಾತ್ರ ಅನ್ವಯಿಸುತ್ತದೆ. ವಿದೇಶಿ ಕಚೇರಿಯಲ್ಲಿನ ಕಡತದ ಪ್ರತಿಯನ್ನು ಈ ಅಧಿನಿಯಮದ ಅಡಿಯಲ್ಲಿ ಕೇಳಲು ಅವಕಾಶವಿಲ್ಲ.

(3) ವೀಸಾ ಅರ್ಜಿ ಕೇಂದ್ರ: ಅರ್ಜಿ ಸ್ವೀಕಾರ, ಬೆರಳಚ್ಚು, ಪಾಸ್‌ಪೋರ್ಟ್ ರವಾನೆ ಮೊದಲಾದ ಕೆಲಸಗಳನ್ನು ಬಹುತೇಕ ಖಾಸಗಿ ಸಂಸ್ಥೆಗಳು ಗುತ್ತಿಗೆ ಆಧಾರದ ಮೇಲೆ ನಿರ್ವಹಿಸುತ್ತವೆ. ಇವುಗಳಿಗೆ ರಾಜತಾಂತ್ರಿಕ ಕಚೇರಿಯ ಸ್ಥಾನಮಾನವಿಲ್ಲ. ಭಾರತದ ಕಾನೂನು ಇವುಗಳಿಗೆ ಅನ್ವಯಿಸುತ್ತದೆ. ಹಣ ಪಡೆದು ನೀಡುವ ಸೇವೆಯಲ್ಲಿ ನ್ಯೂನತೆ ಕಂಡುಬಂದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ದೂರು ಸಲ್ಲಿಸಬಹುದು. ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶವಿದ್ದು, ಸಾಮಾನ್ಯವಾಗಿ 2 ವರ್ಷಗಳ ಕಾಲಮಿತಿ ಇರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ಆದರೆ ಕೇಂದ್ರದ ಸಿಬ್ಬಂದಿಗೆ ವೀಸಾ ತೀರ್ಮಾನದಲ್ಲಿ ಯಾವ ಅಧಿಕಾರವೂ ಇರುವುದಿಲ್ಲ.

(4) ಏಜೆಂಟರು ಮತ್ತು ಸಲಹೆಗಾರರು: ಇವರಿಗೆ ಯಾವ ವಿನಾಯಿತಿಯೂ ಇಲ್ಲ. ವಿದೇಶಿ ಉದ್ಯೋಗಕ್ಕೆ ಕಳುಹಿಸುವ ಏಜೆಂಟರು ವಲಸೆ ಅಧಿನಿಯಮ, 1983ರ ಪ್ರಕಾರ ನೋಂದಣಿ ಹೊಂದಿರತಕ್ಕದ್ದು. ಕಾನ್ಸುಲೇಟ್‌ನಲ್ಲಿ ತಮಗೆ ಪ್ರಭಾವವಿದೆಯೆಂದು ಹೇಳಿ ಹಣ ಕೇಳುವವರ ವಿರುದ್ಧ ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದು. ವಂಚನೆಯು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ಅಡಿಯಲ್ಲಿ ಶಿಕ್ಷಾರ್ಹ ಅಪರಾಧ. ಆನ್‌ಲೈನ್ ಮೂಲಕ ಹಣ ಕಳೆದುಕೊಂಡವರು ವಿಳಂಬವಿಲ್ಲದೆ 1930 ಸಂಖ್ಯೆಗೆ ಕರೆ ಮಾಡುವುದು.

10. ಅರ್ಜಿದಾರರು ವಹಿಸಬೇಕಾದ ಮುಂಜಾಗ್ರತೆ

• ಅರ್ಜಿಯನ್ನು ಕೊನೆಯ ದಿನಗಳವರೆಗೆ ಮುಂದೂಡಬಾರದು. ಎರಡು ದೇಶಗಳ ನಡುವಿನ ಬೆಳವಣಿಗೆಯಿಂದ ಸೇವೆ ನಿಧಾನವಾದಲ್ಲಿ ಪ್ರತ್ಯೇಕ ನೋಟೀಸ್ ನೀಡಿ ಕಾಲಾವಕಾಶ ಕೊಡುವ ಪದ್ಧತಿ ಇಲ್ಲ.

• ಶಿಕ್ಷಣ ಸಂಸ್ಥೆಗೆ ಶುಲ್ಕ ಪಾವತಿಸುವ ಮುನ್ನ, ವೀಸಾ ವಿಳಂಬವಾದಲ್ಲಿ ಪ್ರವೇಶವನ್ನು ಮುಂದಿನ ಅವಧಿಗೆ ವರ್ಗಾಯಿಸಲು ಅಥವಾ ಹಣ ಹಿಂಪಡೆಯಲು ಅವಕಾಶವಿದೆಯೇ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳುವುದು.

• ಶಿಕ್ಷಣ ಸಾಲ ಪಡೆಯುವವರು, ವೀಸಾ ದೊರೆಯದಿದ್ದಲ್ಲಿ ಮಂಜೂರಾದ ಸಾಲ, ಅಡಮಾನ ಹಾಗೂ ಬಡ್ಡಿಯ ಸ್ಥಿತಿ ಏನೆಂಬುದನ್ನು ಬ್ಯಾಂಕಿನಿಂದ ಮುಂಚಿತವಾಗಿ ತಿಳಿದುಕೊಳ್ಳುವುದು.

• ವೀಸಾ ಶುಲ್ಕ ಹಾಗೂ ಕೇಂದ್ರದ ಸೇವಾ ಶುಲ್ಕ ಎರಡು ಬೇರೆ ಬೇರೆ ಪಾವತಿಗಳು. ಎರಡಕ್ಕೂ ಪ್ರತ್ಯೇಕ ವಿವರವಿರುವ ರಸೀದಿ ಪಡೆಯುವುದು. ಅರ್ಜಿ ತಿರಸ್ಕೃತವಾದಲ್ಲಿ ಸಾಮಾನ್ಯವಾಗಿ ವೀಸಾ ಶುಲ್ಕ ಮರಳಿ ಬರುವುದಿಲ್ಲ.

• ಪಾಸ್‌ಪೋರ್ಟ್ ಒಪ್ಪಿಸಿದ ದಿನಾಂಕ ಮತ್ತು ಸ್ವೀಕೃತಿ ಪತ್ರವನ್ನು ಜೋಪಾನವಾಗಿ ಇರಿಸುವುದು. ಪಾಸ್‌ಪೋರ್ಟ್ ಅಧಿನಿಯಮ, 1967ರ 17ನೇ ಕಲಮಿನ ಪ್ರಕಾರ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಅದನ್ನು ಏಜೆಂಟರ ಬಳಿ ಒತ್ತೆಯಾಗಿ ಬಿಡತಕ್ಕದ್ದಲ್ಲ.

• ಮೂಲ ಅಂಕಪಟ್ಟಿ, ಆಸ್ತಿ ಪತ್ರ ಮುಂತಾದವುಗಳನ್ನು ಕೇಳಿದ ಹೊರತು ಒಪ್ಪಿಸಬಾರದು. ಒಪ್ಪಿಸಿದ ದಾಖಲೆಗಳ ಪಟ್ಟಿಯನ್ನು ತಮ್ಮಲ್ಲಿ ಇರಿಸಿಕೊಳ್ಳುವುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವೀಸಾ ನಿರಾಕರಣೆಯ ವಿರುದ್ಧ ರಾಜ್ಯ ಸರ್ಕಾರ ಅಥವಾ ವಿದೇಶಾಂಗ ಸಚಿವಾಲಯ ಶಿಫಾರಸು ಮಾಡಬಹುದೇ?
ಉತ್ತರ: ವೀಸಾ ತೀರ್ಮಾನವನ್ನು ಬದಲಾಯಿಸುವ ಅಧಿಕಾರ ಭಾರತದ ಯಾವುದೇ ಸರ್ಕಾರಿ ಕಚೇರಿಗೆ ಇಲ್ಲ. ನಿರಾಕರಣೆಯ ಪತ್ರದಲ್ಲಿ ನಮೂದಿಸಿದ ಕಾರಣವನ್ನು ಸರಿಪಡಿಸಿ ಮತ್ತೊಮ್ಮೆ ಅರ್ಜಿ ಸಲ್ಲಿಸುವುದೇ ಸಾಮಾನ್ಯ ಮಾರ್ಗ.

ಪ್ರಶ್ನೆ: ಕಾನ್ಸುಲೇಟ್ ಆವರಣವು ವಿದೇಶದ ನೆಲವೇ?
ಉತ್ತರ: ಅಲ್ಲ. ಅದು ಭಾರತದ ನೆಲವೇ ಆಗಿದ್ದು, ಪ್ರವೇಶ ಮತ್ತು ಶೋಧನೆಯ ವಿಷಯದಲ್ಲಿ ಮಾತ್ರ ವಿಶೇಷ ರಕ್ಷಣೆ ಹೊಂದಿರುತ್ತದೆ. ಅಲ್ಲಿ ಅಪರಾಧ ನಡೆದಲ್ಲಿ ಭಾರತದ ಕಾನೂನು ಅನ್ವಯಿಸುತ್ತದೆ.

ಪ್ರಶ್ನೆ: ನಮ್ಮ ಊರಿನಲ್ಲಿ ಕಾನ್ಸುಲೇಟ್‌ನ ವಾಹನದಿಂದ ಅಪಘಾತವಾದಲ್ಲಿ ಪರಿಹಾರ ದೊರೆಯುವುದೇ?
ಉತ್ತರ: ವಾಹನ ಅಪಘಾತದ ನಷ್ಟಕ್ಕಾಗಿ ಮೂರನೆಯವರು ಹೂಡುವ ಸಿವಿಲ್ ದಾವೆಗೆ ಕಾನ್ಸುಲರ್ ಅಧಿಕಾರಿಗೆ ವಿನಾಯಿತಿ ಇಲ್ಲ. ವಿಮೆಯ ಮೂಲಕವೂ ಪರಿಹಾರ ಕೋರಬಹುದು. ಘಟನೆಯನ್ನು ತಕ್ಷಣ ಪೊಲೀಸ್ ಠಾಣೆಯಲ್ಲಿ ದಾಖಲಿಸುವುದು.

ಪ್ರಶ್ನೆ: ಕಾನ್ಸುಲೇಟ್ ಸೇವೆ ಸ್ಥಗಿತವಾದಲ್ಲಿ ಈಗಾಗಲೇ ಪಡೆದಿರುವ ವೀಸಾ ರದ್ದಾಗುವುದೇ?
ಉತ್ತರ: ಇಲ್ಲ. ಕಚೇರಿಯ ಸೇವೆ ನಿಂತ ಮಾತ್ರಕ್ಕೆ ಮಾನ್ಯ ವೀಸಾ ರದ್ದಾಗುವುದಿಲ್ಲ. ವೀಸಾ ರದ್ದತಿಗೆ ಆ ದೇಶದ ಪ್ರತ್ಯೇಕ ಆದೇಶ ಬೇಕಾಗುತ್ತದೆ.

12. ಉಪಸಂಹಾರ

ರಾಜತಾಂತ್ರಿಕ ವಿನಾಯಿತಿಯು ಎರಡು ಸರ್ಕಾರಗಳ ನಡುವಿನ ನಂಬಿಕೆಯ ಲಿಖಿತ ರೂಪ. ಆ ನಂಬಿಕೆ ಕುಂದಿದಾಗ ಮೊದಲು ಮುಚ್ಚುವ ಕಿಟಕಿಗಳಲ್ಲಿ ಅರ್ಜಿದಾರರು ಸಾಲಿನಲ್ಲಿ ನಿಂತಿರುವ ವೀಸಾ ಕಿಟಕಿಯೂ ಒಂದು. ಅದನ್ನು ತೆರೆಸುವುದು ನಾಗರಿಕರ ಕೈಯಲ್ಲಿಲ್ಲವಾದರೂ, ಸಕಾಲದಲ್ಲಿ ಅರ್ಜಿ ಸಲ್ಲಿಸುವುದು, ರಸೀದಿಗಳನ್ನು ಕಾಪಾಡಿಕೊಳ್ಳುವುದು, ದೂರನ್ನು ಸರಿಯಾದ ಪ್ರಾಧಿಕಾರಕ್ಕೆ ನೀಡುವುದು ಅವರ ಕೈಯಲ್ಲಿಯೇ ಇದೆ.

ಸೂಚನೆ: ಈ ಲೇಖನವನ್ನು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ನೀಡಲಾಗಿದೆ. ವೀಸಾ ನಿಯಮ, ಶುಲ್ಕ ಹಾಗೂ ಸೇವಾ ಸ್ಥಳಗಳಿಗೆ ಸಂಬಂಧಿಸಿ ಆಯಾ ದೇಶದ ಅಧಿಕೃತ ಪ್ರಕಟಣೆಯೇ ಅಂತಿಮವಾಗಿರುತ್ತದೆ.